‘ನೀವು ಆಯ್ಕೆಯಾಗಿದ್ದೀರಿ!’

ರೂಪದರ್ಶಿಯಾಗಲು ಬಂದ ಕರೆ ನಿಜವೋ ಸುಳ್ಳೋ ಎಂದು ಅರಿಯುವ ಬಗೆ

ಹಾಸನದಂಥ ಒಂದು ಊರು. ಆ ಊರಿನ ಬಟ್ಟೆ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಲೆಕ್ಕ ಬರೆಯುತ್ತಿರುವ ಗುಮಾಸ್ತರ ಮನೆ. ದೀಪ ಹಚ್ಚುವ ಹೊತ್ತು. ಕಾಲೇಜಿನ ಎರಡನೆಯ ವರ್ಷದಲ್ಲಿ ಓದುತ್ತಿರುವ ಹತ್ತೊಂಬತ್ತರ ಮಗಳು ಮೊಬೈಲನ್ನು ಎದೆಗವಚಿಕೊಂಡು ಅಡುಗೆಮನೆಗೆ ಓಡಿ ಬರುತ್ತಾಳೆ.

“ಅಮ್ಮಾ, ನಾನು ಸೆಲೆಕ್ಟ್ ಆದೆ!”

ಗೆಳತಿಯ ಮದುವೆಯಲ್ಲಿ ಸೀರೆಯುಟ್ಟು ತೆಗೆಸಿಕೊಂಡ ಚಿತ್ರವೊಂದನ್ನು ಆಕೆ ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ್ದಳು. ಅದನ್ನು ಕಂಡು ಬೆಂಗಳೂರಿನ ಏಜೆನ್ಸಿಯೊಂದರ ಹೆಸರಿನಲ್ಲಿ ಸಂದೇಶ ಬಂದಿದೆ. ನಿಮ್ಮ ಮುಖದಲ್ಲಿ ಅಪರೂಪದ ಕಳೆಯಿದೆ. ನೂರಾರು ಮಂದಿಯ ನಡುವೆ ನೀವು ಆಯ್ಕೆಯಾಗಿದ್ದೀರಿ. ಹೆಸರಾಂತ ಸೀರೆಯ ಅಂಗಡಿಗಳೂ ಆಭರಣದ ಕಂಪನಿಗಳೂ ನಿಮ್ಮಂಥವರಿಗಾಗಿ ಕಾದಿವೆ. ಪೋರ್ಟ್‌ಫೋಲಿಯೊ ಮತ್ತು ನೋಂದಣಿಯ ವೆಚ್ಚ ೩೫,೦೦೦ ರೂಪಾಯಿ ಮಾತ್ರ. ಉಳಿದಿರುವ ಸ್ಥಾನಗಳು ಎರಡೇ. ನಾಳೆ ಸಂಜೆಯೊಳಗೆ ಹಣ ಕಳುಹಿಸತಕ್ಕದ್ದು.

ತಾಯಿ ಸಂದೇಶವನ್ನು ಎರಡು ಸಲ ಓದಿಸಿ ಕೇಳಿದಳು. ಅನಂತರ ಏನೂ ಮಾತನಾಡದೆ ತನ್ನ ಕೈಬಳೆಗಳ ಕಡೆಗೆ ನೋಡಿದಳು. ಅಂಗಡಿಯಿಂದ ಬಂದ ತಂದೆ ವಿಷಯ ತಿಳಿದು, “ಬಳೆಯ ಮಾತು ಬೇಡ. ನಾಳೆ ಬೆಳಗ್ಗೆ ಯಜಮಾನರನ್ನು ಮುಂಗಡ ಕೇಳಿ ನೋಡುತ್ತೇನೆ” ಎಂದರು. ಆ ರಾತ್ರಿ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಊರನ್ನೂ ಮೊತ್ತವನ್ನೂ ಬದಲಿಸಿದರೆ ಹಲವು ಮನೆಗಳಿಗೆ ಹೊಂದುವ ಚಿತ್ರ. ಆ ಸಂದೇಶ ನಿಜವೇ, ಬಲೆಯೇ? ಬರಿಯ ಅನುಮಾನದಿಂದ ಇದಕ್ಕೆ ಉತ್ತರ ಸಿಗದು. ಬರಿಯ ಆಸೆಯಿಂದಲೂ ಸಿಗದು. ಈ ಉದ್ಯೋಗ ನಡೆಯುವ ರೀತಿಯನ್ನು ತಿಳಿದುಕೊಂಡರೆ ಉತ್ತರ ತಾನಾಗಿಯೇ ದೊರೆಯುತ್ತದೆ.

ಆಸೆಯಲ್ಲಿ ತಪ್ಪಿಲ್ಲ

ಮೊದಲು ಹೇಳಬೇಕಾದ ಮಾತೆಂದರೆ, ಆ ಹುಡುಗಿಯ ಆಸೆಯಲ್ಲಿ ತಪ್ಪೇನೂ ಇಲ್ಲ. ರೂಪದರ್ಶಿಯ ಕೆಲಸವೂ ಒಂದು ದುಡಿಮೆಯೇ. ಅದಕ್ಕೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. ೧೯೦೯ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚಿತ್ರನಟಿ ಲೀಲಾ ಚಿಟ್ನಿಸ್ ೧೯೪೧ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡು, ಆ ಸಾಬೂನಿಗೆ ರೂಪದರ್ಶಿಯಾದ ಮೊದಲ ಭಾರತೀಯ ತಾರೆ ಎನಿಸಿದರು. ಮಂಗಳೂರಿನಲ್ಲಿ ಜನಿಸಿದ ಐಶ್ವರ್ಯಾ ರೈ ೧೯೯೪ರಲ್ಲಿ ವಿಶ್ವಸುಂದರಿಯಾಗುವುದಕ್ಕೆ ಮೊದಲೇ ಜಾಹೀರಾತುಗಳಲ್ಲಿ ದುಡಿದವರು.

ಈಗಂತೂ ಈ ಕೆಲಸದ ಹರವು ಬಹಳ ದೊಡ್ಡದಾಗಿದೆ. ವೇದಿಕೆಯ ಮೇಲೆ ಹೊಸ ಉಡುಪು ತೊಟ್ಟು ನಡೆಯುವವರು ಈ ಉದ್ಯೋಗದ ಒಂದು ಸಣ್ಣ ಪಾಲು ಮಾತ್ರ. ಸೀರೆ, ಒಡವೆ, ಕೂದಲೆಣ್ಣೆ, ಬ್ಯಾಂಕು, ಆಸ್ಪತ್ರೆ ಇವುಗಳ ಜಾಹೀರಾತಿಗೆ ಮುಖಗಳು ಬೇಕು. ಜಾಲತಾಣಗಳಲ್ಲಿ ಬಟ್ಟೆ ಮಾರುವ ಕಂಪನಿಗಳಿಗೆ ಪ್ರತಿದಿನವೂ ನೂರಾರು ಉಡುಪುಗಳ ಚಿತ್ರ ಬೇಕು. ಈ ಕೆಲಸಗಳಿಗೆ ಬೇಕಾಗುವ ಮುಖಗಳೂ ಹಲವು ಬಗೆಯವು. ಆಭರಣದವನು ಕೈಬೆರಳನ್ನು ನೋಡುತ್ತಾನೆ, ವಿಮೆಯ ಕಂಪನಿಯವನು ನರೆತ ತಲೆಯ ಅಜ್ಜನನ್ನು ಹುಡುಕುತ್ತಾನೆ. ಆದುದರಿಂದ ಹಾಸನದ ಹುಡುಗಿಗೆ ಕೆಲಸ ಸಿಗುವುದೇ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಸಂದೇಶ ಕಳುಹಿಸಿದವನ ಧೈರ್ಯವೂ ಅದೇ. ಪೂರ್ತಿ ಸುಳ್ಳನ್ನು ನಂಬುವವರು ಕಡಮೆ. ಆಗಬಹುದಾದ ಸಂಗತಿಯ ಬೆನ್ನ ಮೇಲೆ ಹೇರಿದ ಸುಳ್ಳನ್ನು ಎಲ್ಲರೂ ನಂಬುತ್ತಾರೆ.

ಲೆಕ್ಕದ ಪುಸ್ತಕ ಹೇಳಿದ ಸತ್ಯ

ಮರುದಿನ ಬೆಳಗ್ಗೆ ಗುಮಾಸ್ತರು ಅಂಗಡಿಯ ಯಜಮಾನರ ಮುಂದೆ ನಿಂತರು.

“ಯಜಮಾನರೆ, ಮೂವತ್ತೈದು ಸಾವಿರ ಮುಂಗಡ ಬೇಕಾಗಿತ್ತು.”

“ಏನು, ಮಗಳ ಮದುವೆ ಗೊತ್ತಾಯಿತೆ?”

“ಮದುವೆಯಲ್ಲ, ಕೆಲಸ” ಎಂದು ಅವರು ಎಲ್ಲವನ್ನೂ ವಿವರಿಸಿದರು.

ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಳೆದ ದೀಪಾವಳಿಯ ಬಿಲ್ಲುಗಳ ಕಡತವನ್ನು ತರಿಸಿದರು. ಹಬ್ಬದ ಸೀರೆಗಳ ಜಾಹೀರಾತಿಗಾಗಿ ಅಂಗಡಿಯವರು ಬೆಂಗಳೂರಿನಿಂದ ಒಬ್ಬ ರೂಪದರ್ಶಿಯನ್ನು ಕರೆಸಿದ್ದರು.

“ಈ ಬಿಲ್ಲನ್ನು ಖಾತೆಗೆ ಹತ್ತಿಸಿದವರು ನೀವೇ ಅಲ್ಲವೆ? ಓದಿ ಹೇಳಿ.”

ಗುಮಾಸ್ತರು ಓದಿದರು. ರೂಪದರ್ಶಿಯ ದಿನದ ಸಂಭಾವನೆ ಇಷ್ಟು, ಏಜೆನ್ಸಿಯ ಕಮಿಷನ್ ಇಷ್ಟು, ಛಾಯಾಗ್ರಾಹಕನಿಗೆ ಇಷ್ಟು, ಮೇಕಪ್ಪಿನವರಿಗೆ ಇಷ್ಟು, ಪ್ರಯಾಣಕ್ಕೆ ಇಷ್ಟು.

“ಇದರಲ್ಲಿ ಆ ಹುಡುಗಿಯಿಂದ ಬಂದ ಹಣ ಎಷ್ಟು?”

“ಹುಡುಗಿಯಿಂದ? ಒಂದು ಕಾಸೂ ಇಲ್ಲ. ಎಲ್ಲವೂ ನಾವು ಕೊಟ್ಟದ್ದೇ.”

“ಹಾಗಾದರೆ ನಿಮ್ಮ ಮಗಳು ಯಾರಿಗೆ ಕೊಡಬೇಕು, ಏತಕ್ಕೆ ಕೊಡಬೇಕು?”

ಇಪ್ಪತ್ತು ವರ್ಷ ಜಮೆ ಖರ್ಚುಗಳನ್ನು ಬರೆದ ಗುಮಾಸ್ತರಿಗೆ ಮತ್ತೇನನ್ನೂ ಹೇಳಬೇಕಾಗಲಿಲ್ಲ.

ಈ ಉದ್ಯೋಗದ ಮೂಲಸೂತ್ರವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ರೂಪದರ್ಶಿ ಬೇಕಾಗಿರುವುದು ಸರಕು ಮಾರುವ ಕಂಪನಿಗೆ. ಹಣ ಹೊರಡುವುದೂ ಅಲ್ಲಿಂದಲೇ. ಅದು ಏಜೆನ್ಸಿಯ ಮೂಲಕ ಹಾದು, ಅವರ ಪಾಲಿನ ಕಮಿಷನ್ ಕಳೆದು, ಕೊನೆಗೆ ರೂಪದರ್ಶಿಯ ಕೈ ಸೇರುತ್ತದೆ. ರೂಪದರ್ಶಿಗೆ ಕೆಲಸ ಸಿಕ್ಕಿದರೆ ಏಜೆನ್ಸಿಗೆ ಆದಾಯ. ಕೆಲಸ ಸಿಗದಿದ್ದರೆ ಏಜೆನ್ಸಿಗೂ ಇಲ್ಲ. ಆದುದರಿಂದ ನಿಜವಾದ ಏಜೆನ್ಸಿ ಆರಿಸಿ ಆರಿಸಿ ಕೆಲವರನ್ನೇ ತೆಗೆದುಕೊಳ್ಳುತ್ತದೆ. ತೆಗೆದುಕೊಂಡವರಿಗೆ ಕೆಲಸ ಹುಡುಕಲು ಓಡಾಡುತ್ತದೆ. ಹುಡುಗಿಯಿಂದಲೇ ಮೊದಲು ಹಣ ಪಡೆಯುವವನಿಗೆ ಆ ಓಡಾಟದ ಅಗತ್ಯವೇ ಇಲ್ಲ. ಅವನ ವ್ಯಾಪಾರ ಹಣ ಬಂದ ದಿನವೇ ಮುಗಿಯಿತು. ಅವನಿಗೆ ಬೇಕಾದದ್ದು ರೂಪದರ್ಶಿಯಲ್ಲ, ಗಿರಾಕಿ.

ಈ ಪದ್ಧತಿಗೆ ನೂರು ವರ್ಷಗಳ ಇತಿಹಾಸವುಂಟು. ಜಾನ್ ರಾಬರ್ಟ್ ಪವರ್ಸ್ ಎಂಬಾತ ನ್ಯೂಯಾರ್ಕಿನಲ್ಲಿ ೧೯೨೩ರಲ್ಲಿ ತೆರೆದ ಸಂಸ್ಥೆಯೇ ಈ ಬಗೆಯ ಏಜೆನ್ಸಿಗಳಲ್ಲಿ ಮೊದಲನೆಯದೆಂದು ಹೇಳುವುದು ವಾಡಿಕೆ. ೧೯೪೬ರಲ್ಲಿ ಅದೇ ನಗರದಲ್ಲಿ ಐಲೀನ್ ಫೋರ್ಡ್ ಮತ್ತು ಆಕೆಯ ಪತಿ ಜೆರಿ ಫೋರ್ಡ್ ಆರಂಭಿಸಿದ ಏಜೆನ್ಸಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಂಪನಿಗಳಿಂದ ಹಣ ಬರುವುದು ತಡವಾದರೆ ರೂಪದರ್ಶಿಗಳು ಕಷ್ಟಪಡುತ್ತಿದ್ದರು. ಆದುದರಿಂದ ಆ ಹಣ ಬರುವ ಮೊದಲೇ ಏಜೆನ್ಸಿಯೇ ಅವರ ಸಂಭಾವನೆಯನ್ನು ಕೊಟ್ಟುಬಿಡುವ ಏರ್ಪಾಡನ್ನು ಆ ದಂಪತಿಗಳು ಮಾಡಿದರು. ಒಳ್ಳೆಯ ಏಜೆನ್ಸಿಯ ಹೆಸರು ಬೆಳೆದದ್ದು ಹಣ ಕೊಟ್ಟು, ಕಿತ್ತುಕೊಂಡಲ್ಲ.

ಕೆಲವು ದೇಶಗಳಲ್ಲಿ ಈ ಸೂತ್ರಕ್ಕೆ ಕಾನೂನಿನ ಬಲವೂ ಇದೆ. ಬ್ರಿಟನ್ನಿನಲ್ಲಿ ಛಾಯಾಚಿತ್ರ ಹಾಗೂ ಉಡುಪಿನ ರೂಪದರ್ಶಿಗಳಿಂದ ಕೆಲಸಕ್ಕೆ ಮೊದಲೇ ಶುಲ್ಕ ಪಡೆಯುವುದನ್ನು ೨೦೧೦ರಲ್ಲಿ ನಿಷೇಧಿಸಲಾಯಿತು. ನ್ಯೂಯಾರ್ಕ್ ರಾಜ್ಯದಲ್ಲಿ ೨೦೨೫ರ ಜೂನ್ ತಿಂಗಳಲ್ಲಿ ಜಾರಿಗೆ ಬಂದ ಕಾಯಿದೆಯ ಪ್ರಕಾರ ಏಜೆನ್ಸಿ ಮುಂಗಡ ಶುಲ್ಕ ಪಡೆಯುವಂತಿಲ್ಲ. ಸಂಭಾವನೆಯ ಶೇಕಡಾ ೨೦ಕ್ಕಿಂತ ಹೆಚ್ಚು ಕಮಿಷನ್ ಹಿಡಿಯುವಂತಿಲ್ಲ. ಭಾರತದಲ್ಲಿ ರೂಪದರ್ಶಿ ಏಜೆನ್ಸಿಗಳಿಗೆಂದೇ ಮಾಡಿದ ಪ್ರತ್ಯೇಕ ಕಾಯಿದೆ ಇಲ್ಲ. ಒಂದು ಕೋಣೆ, ಒಂದು ಫಲಕ, ಒಂದು ಮೊಬೈಲ್ ಇದ್ದರೆ ಯಾರಾದರೂ ಏಜೆನ್ಸಿ ಎನ್ನಿಸಿಕೊಳ್ಳಬಹುದು. ಆದುದರಿಂದ ಇಲ್ಲಿ ಎಚ್ಚರದ ಹೊರೆ ಮನೆಯವರ ಮೇಲೆ ಹೆಚ್ಚಾಗಿಯೇ ಬೀಳುತ್ತದೆ.

ಬಲೆ ಬೀಸುವ ರೀತಿ

ಮೋಸದ ವೇಷಗಳು ಹಲವು. ನಡಿಗೆ ಮಾತ್ರ ಒಂದೇ. ಮೊದಲು ಹೊಗಳಿಕೆ, ಅನಂತರ ಅವಸರ, ಆಮೇಲೆ ಹಣ.

ಹೊಗಳಿಕೆಗೆ ಸಾಕ್ಷ್ಯ ಬೇಕಾಗಿಲ್ಲ. ಎತ್ತರವೆಷ್ಟೆಂದು ಕೇಳದೆ, ಎದುರಿಗೆ ನೋಡದೆ, ಒಂದೇ ಚಿತ್ರದಿಂದ ‘ಆಯ್ಕೆ’ ನಡೆದುಹೋಗುತ್ತದೆ. ನಿಜವಾದ ಏಜೆನ್ಸಿಯವರು ಇಷ್ಟು ಸುಲಭವಾಗಿ ಒಪ್ಪುವವರಲ್ಲ. ಅವರು ಅಳತೆಗಳನ್ನು ಕೇಳುತ್ತಾರೆ, ಕರೆಸಿ ನೋಡುತ್ತಾರೆ, ಹಲವು ಸಲ ‘ಸದ್ಯಕ್ಕೆ ಬೇಡ’ ಎನ್ನುತ್ತಾರೆ. ಬಂದವರಿಗೆಲ್ಲ ‘ಆಯ್ಕೆಯಾಗಿದ್ದೀರಿ’ ಎಂಬ ಒಂದೇ ಉತ್ತರ ಸಿಗುವ ಕಡೆ ಆಯ್ಕೆ ನಡೆದಿಲ್ಲವೆಂದೇ ತಿಳಿಯಬೇಕು.

ಅವಸರದ ಉದ್ದೇಶ ಸ್ಪಷ್ಟ. ಒಂದು ರಾತ್ರಿ ಕಳೆದರೆ ಮನೆಯ ಹಿರಿಯರು ವಿಚಾರಿಸುತ್ತಾರೆ, ಬಲ್ಲವರನ್ನು ಕೇಳುತ್ತಾರೆ. ಅದಕ್ಕೆ ಅವಕಾಶ ಕೊಡಬಾರದು. ‘ಎರಡೇ ಸ್ಥಾನ’, ‘ಇಂದೇ ಕೊನೆಯ ದಿನ’ ಎಂಬ ಮಾತುಗಳು ಹುಟ್ಟುವುದು ಇದಕ್ಕಾಗಿಯೇ. ನಿಜವಾದ ಕೆಲಸಕ್ಕೂ ಗಡುವು ಇರಬಹುದು. ಕರಾರನ್ನು ಮನೆಗೆ ಕೊಂಡೊಯ್ದು ಓದಲು ಎರಡು ದಿನ ಕೊಡದಂಥ ಗಡುವು ಮಾತ್ರ ಇರುವುದಿಲ್ಲ.

ಹಣದ ಹೆಸರುಗಳು ಬಗೆಬಗೆ. ನೋಂದಣಿ ಶುಲ್ಕ, ಪೋರ್ಟ್‌ಫೋಲಿಯೊ ಶುಲ್ಕ, ತರಬೇತಿ ಶುಲ್ಕ, ವಿಮೆ, ಉಡುಪಿನ ಠೇವಣಿ, ಕಲಾವಿದರ ಗುರುತುಚೀಟಿ. ‘ಮರಳಿ ಕೊಡುವ ಠೇವಣಿ’ ಎಂಬ ಹೆಸರು ಇವುಗಳಲ್ಲೆಲ್ಲ ಬಹಳ ಮಧುರ. ಮೊದಲ ಕಂತು ಸಣ್ಣದು. ಅದು ಬಂದ ಮೇಲೆ ತೆರಿಗೆಯೆಂದು ಇನ್ನೊಂದು, ವಿಮಾನದ ಟಿಕೆಟ್ಟೆಂದು ಮತ್ತೊಂದು. ಕೊಟ್ಟ ಹಣದ ಮೋಹದಿಂದ ಮನೆಯವರು ಮುಂದಿನದನ್ನೂ ಕೊಡುತ್ತಾರೆ.

ಇನ್ನೊಂದು ಬಗೆಯವರು ಇದಕ್ಕಿಂತ ಜಾಣರು. ಇವರಿಗೆ ಕಛೇರಿಯೂ ಇದೆ, ಕ್ಯಾಮೆರಾವೂ ಇದೆ, ರಸೀತಿಯೂ ಇದೆ. ಹಣ ಪಡೆದು ನಿಜವಾಗಿಯೂ ಚಿತ್ರಗಳನ್ನು ತೆಗೆದುಕೊಡುತ್ತಾರೆ. ಕೆಲಸ ಮಾತ್ರ ಎಂದಿಗೂ ಬರುವುದಿಲ್ಲ. ಕೇಳಿದರೆ, “ಚಿತ್ರಕ್ಕೆ ಹಣ ಪಡೆದೆವು, ಚಿತ್ರ ಕೊಟ್ಟೆವು, ಕೆಲಸದ ಭರವಸೆ ಎಲ್ಲಿ ಬರೆದಿದೆ?” ಎನ್ನುತ್ತಾರೆ. ಇವರು ಏಜೆನ್ಸಿಯ ಫಲಕ ಹಾಕಿಕೊಂಡ ಛಾಯಾಚಿತ್ರದ ಅಂಗಡಿಗಳು. ಇಲ್ಲಿ ಒಂದು ವಿವೇಚನೆ ಅಗತ್ಯ. ಪೋರ್ಟ್‌ಫೋಲಿಯೊ ಎಂಬುದೇ ಮೋಸವಲ್ಲ. ಈ ಉದ್ಯೋಗದಲ್ಲಿ ಮುಂದುವರಿದವರಿಗೆ ಅದು ಬೇಕಾಗುತ್ತದೆ. ಅದನ್ನು ತಮಗೆ ಇಷ್ಟಬಂದ ಛಾಯಾಗ್ರಾಹಕರಿಂದ, ಬೆಲೆ ವಿಚಾರಿಸಿ, ಸ್ವಂತ ಇಚ್ಛೆಯಿಂದ ತೆಗೆಸಿಕೊಂಡರೆ ಅದು ಸಾಮಾನ್ಯ ಖರ್ಚು. ‘ನಮ್ಮಲ್ಲೇ ತೆಗೆಸಬೇಕು, ಇಲ್ಲದಿದ್ದರೆ ಸೇರಿಸಿಕೊಳ್ಳುವುದಿಲ್ಲ’ ಎಂಬ ಮಾತು ಬಂದಾಗ ಮಾತ್ರ ಅದು ಬಲೆ.

ಹೆಸರಾಂತ ಕಂಪನಿಗಳ ಹೆಸರು ಕದಿಯುವವರು ಬೇರೆ ಇದ್ದಾರೆ. ಪ್ರಸಿದ್ಧ ಏಜೆನ್ಸಿಯ ಮುದ್ರೆ, ಅದರ ನಿರ್ದೇಶಕರ ಭಾವಚಿತ್ರ ಎಲ್ಲವನ್ನೂ ನಕಲು ಮಾಡಿ ಸಂದೇಶ ಕಳುಹಿಸುತ್ತಾರೆ. ಹೆಸರು ದೊಡ್ಡದಾದ ಮಾತ್ರಕ್ಕೆ ಸಂದೇಶ ನಿಜವಾಗುವುದಿಲ್ಲ.

ಎಲ್ಲಕ್ಕಿಂತ ಅಪಾಯಕರವಾದ ಬಲೆ ಹಣವನ್ನೇ ಕೇಳುವುದಿಲ್ಲ. ‘ಅಳತೆ ಪರೀಕ್ಷಿಸಬೇಕು, ವಿಡಿಯೊ ಕರೆಯಲ್ಲಿ ಮೈಮೇಲಿನ ಬಟ್ಟೆ ಕಡಮೆ ಮಾಡಿ ನಿಲ್ಲಿ, ಇದು ಈ ಉದ್ಯೋಗದಲ್ಲಿ ಸಾಮಾನ್ಯ’ ಎನ್ನುತ್ತದೆ. ಆ ದೃಶ್ಯವನ್ನು ಗುಟ್ಟಾಗಿ ಮುದ್ರಿಸಿಕೊಂಡು ಮರುದಿನದಿಂದ ಬೆದರಿಕೆ ಆರಂಭವಾಗುತ್ತದೆ. ಹುಡುಗರೂ ಈ ಬಲೆಗೆ ಬೀಳುವುದುಂಟು. ಎತ್ತರ, ಎದೆ, ಸೊಂಟ, ಪಾದದ ಅಳತೆಗಳನ್ನು ಟೇಪು ಹಿಡಿದು ಮನೆಯಲ್ಲೇ ತೆಗೆದು ಬರೆದು ಕಳುಹಿಸಬಹುದು. ಅದಕ್ಕೆ ವಿಡಿಯೊ ಬೇಕಿಲ್ಲ. ಮೊದಲ ಭೇಟಿಗೆ ಹೋಟೆಲಿನ ಕೋಣೆಗೆ, ಅದೂ ಒಬ್ಬರೇ ಬರಬೇಕೆಂದು ಹೇಳುವವನನ್ನೂ ಇದೇ ಸಾಲಿನಲ್ಲಿ ಸೇರಿಸಬೇಕು.

ವಿಚಾರಣೆಯ ಬಗೆ

ಹಾಗಾದರೆ ಬಂದ ಕರೆಗಳನ್ನೆಲ್ಲ ತಳ್ಳಿಹಾಕಬೇಕೆ? ಬೇಡ. ಹೆಣ್ಣು ಕೊಡುವ ಮೊದಲು ವರನ ಮನೆತನ ವಿಚಾರಿಸುವಂತೆ ಇದನ್ನೂ ವಿಚಾರಿಸಿದರೆ ಸಾಕು.

ಬಂದ ಸಂದೇಶಕ್ಕೆ ಉತ್ತರಿಸುವ ಬದಲು, ಆ ಏಜೆನ್ಸಿಯ ದೂರವಾಣಿ ಸಂಖ್ಯೆಯನ್ನು ಅದರ ಸ್ವಂತ ಜಾಲತಾಣದಿಂದ ತಾವೇ ಹುಡುಕಿ ತೆಗೆದು, “ಈ ಹೆಸರಿನವರು ನಿಮ್ಮಲ್ಲಿದ್ದಾರೆಯೆ? ಈ ಸಂದೇಶ ನಿಮ್ಮದೇ?” ಎಂದು ಕೇಳಬೇಕು. ಇದೊಂದು ಕೆಲಸದಿಂದಲೇ ನಕಲಿ ವೇಷಗಳೆಲ್ಲ ಕಳಚಿ ಬೀಳುತ್ತವೆ. ಕಂಪನಿಯೆಂದು ಹೇಳಿಕೊಂಡರೆ, ಕೇಂದ್ರ ಸರ್ಕಾರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದರ ಹೆಸರಿದೆಯೆ ಎಂದು ನೋಡಬಹುದು. ಜಿ.ಎಸ್.ಟಿ. ಸಂಖ್ಯೆ ಕೊಟ್ಟರೆ, ಆ ಇಲಾಖೆಯ ಜಾಲತಾಣದಲ್ಲಿ ಆ ಸಂಖ್ಯೆಯನ್ನು ಹಾಕಿದೊಡನೆ ಅದು ಯಾರ ಹೆಸರಿನಲ್ಲಿದೆ, ಎಂದಿನಿಂದ ಇದೆ ಎಂಬುದು ತಿಳಿಯುತ್ತದೆ. ಇದಕ್ಕೆ ಕಾಸಿನ ಖರ್ಚೂ ಇಲ್ಲ. ‘ಹದಿನೈದು ವರ್ಷಗಳ ಅನುಭವ’ ಎನ್ನುವವನ ನೋಂದಣಿ ಮೂರು ತಿಂಗಳ ಹಿಂದಿನದಾಗಿದ್ದರೆ ಕಾರಣ ಕೇಳಬೇಕು.

ಆದರೂ ನೋಂದಣಿ ಇದ್ದ ಮಾತ್ರಕ್ಕೆ ಪ್ರಾಮಾಣಿಕತೆ ಸಿದ್ಧವಾಗದು. ಆದುದರಿಂದ ಮುಂದಿನ ಪ್ರಶ್ನೆ: ಈಗ ನಿಮ್ಮಲ್ಲಿರುವ ರೂಪದರ್ಶಿಗಳು ಯಾರು? ಕಳೆದ ಆರು ತಿಂಗಳಲ್ಲಿ ಯಾವ ಕಂಪನಿಗೆ ಯಾರನ್ನು ಕಳುಹಿಸಿದಿರಿ? ನಿಜವಾದ ಏಜೆನ್ಸಿ ಇದನ್ನು ಹೆಮ್ಮೆಯಿಂದ ತೋರಿಸುತ್ತದೆ. ಅವರಲ್ಲಿ ಒಬ್ಬಿಬ್ಬರನ್ನು ನೇರವಾಗಿ ಸಂಪರ್ಕಿಸಿ, “ಹಣ ಸಕಾಲಕ್ಕೆ ಬರುತ್ತದೆಯೆ?” ಎಂದು ಕೇಳಿದರೆ ಕಛೇರಿಯ ಗೋಡೆಯ ಮೇಲಿನ ನೂರು ಚಿತ್ರಗಳು ಹೇಳದ ಸತ್ಯ ತಿಳಿಯುತ್ತದೆ.

ಅರ್ಜಿ ಹಾಕಲು ಬೇಕಾದ ಸಾಮಗ್ರಿಯೂ ಸರಳ. ಬಿಳಿಯ ಗೋಡೆ, ಹಗಲಿನ ಬೆಳಕು, ಮೈಗೆ ಹೊಂದುವ ಸಾದಾ ಉಡುಪು, ಬಣ್ಣ ಬಳಿಯದ ಮುಖ, ಹಿಂದಕ್ಕೆ ಕಟ್ಟಿದ ಕೂದಲು. ಎದುರಿನಿಂದ ಒಂದು, ಪಕ್ಕದಿಂದ ಒಂದು, ಅಡಿಯಿಂದ ಮುಡಿಯವರೆಗೆ ಒಂದು, ನಗುಮುಖದ್ದು ಒಂದು. ಮೊಬೈಲಿನಲ್ಲಿ ತಾಯಿಯೋ ತಮ್ಮನೋ ತೆಗೆದರೆ ಸಾಕು. ಈ ಉದ್ಯೋಗದವರು ಇಂಥ ಚಿತ್ರಗಳನ್ನು ‘ಡಿಜಿಟಲ್ಸ್’ ಎನ್ನುತ್ತಾರೆ. ಅಲಂಕಾರವಿಲ್ಲದ ನಿಜರೂಪವನ್ನು ನೋಡುವುದೇ ಅವರ ಉದ್ದೇಶ. ಮೂವತ್ತೈದು ಸಾವಿರದ ಅಲಂಕಾರ ಆ ಉದ್ದೇಶಕ್ಕೆ ಅಡ್ಡಿಯೇ ಸರಿ.

ವಿದೇಶದ ಆಮಿಷವಿದ್ದರೆ ಎಚ್ಚರ ಇಮ್ಮಡಿಯಾಗಬೇಕು. ವಿದೇಶದ ಕೆಲಸಕ್ಕೆ ಜನರನ್ನು ಸೇರಿಸುವ ಏಜೆಂಟರು ೧೯೮೩ರ ವಲಸೆ ಕಾಯಿದೆಯಂತೆ ನೋಂದಣಿ ಪಡೆದಿರಬೇಕು. ಅವರ ಪಟ್ಟಿ ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ಜಾಲತಾಣದಲ್ಲಿ ಸಿಗುತ್ತದೆ. ‘ಪ್ರವಾಸಿ ವೀಸಾದಲ್ಲಿ ಹೋಗಿ, ಕೆಲಸ ಅಲ್ಲಿ ನೋಡೋಣ’ ಎನ್ನುವವನ ಜೊತೆ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ಪಾಸ್‌ಪೋರ್ಟನ್ನು ಏಜೆನ್ಸಿಯ ವಶಕ್ಕೆ ಒಪ್ಪಿಸಲೇಬಾರದು.

ಸಹಿಗೆ ಮುನ್ನ

ಕರೆ ನಿಜವೆಂದು ಗೊತ್ತಾಯಿತು, ಕರಾರುಪತ್ರವೂ ಬಂತು. ಎಚ್ಚರ ಇಲ್ಲಿಗೆ ಮುಗಿಯಲಿಲ್ಲ. ಪ್ರಾಮಾಣಿಕ ಏಜೆನ್ಸಿಯ ಕರಾರೂ ಏಜೆನ್ಸಿಯ ಅನುಕೂಲಕ್ಕೇ ಬರೆದದ್ದಾಗಿರುತ್ತದೆ.

ಕಮಿಷನ್ ಶೇಕಡಾ ಎಷ್ಟು, ಅದನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕುತ್ತಾರೆ ಎಂಬುದನ್ನು ಅಂಕಿಯಲ್ಲಿ ಬರೆದಿರಬೇಕು. ಪ್ರಯಾಣ, ಊಟ, ವಸತಿ, ಚಿತ್ರಗಳ ಖರ್ಚನ್ನು ರೂಪದರ್ಶಿಯ ಸಂಭಾವನೆಯಿಂದ ಹಿಡಿಯುವುದಾದರೆ, ಯಾವ ಖರ್ಚು, ಯಾರ ಒಪ್ಪಿಗೆಯಿಂದ ಎಂಬುದು ಸ್ಪಷ್ಟವಾಗಿರಬೇಕು. ಹಾಗಿಲ್ಲದಿದ್ದರೆ ವರ್ಷವಿಡೀ ದುಡಿದ ಮೇಲೆ ರೂಪದರ್ಶಿಯೇ ಏಜೆನ್ಸಿಗೆ ಸಾಲಗಾರಳಾಗುವ ವಿಚಿತ್ರ ಸಂಭವಿಸುತ್ತದೆ. ಕೆಲಸ ಮುಗಿದ ಎಷ್ಟು ದಿನಗಳಲ್ಲಿ ಹಣ ಬರುತ್ತದೆ ಎಂಬ ವಾಕ್ಯವೂ ಇರಲೇಬೇಕು.

ಕರಾರಿನ ಅವಧಿ ಎಷ್ಟು? ತಾನಾಗಿಯೇ ಮುಂದುವರಿಯುತ್ತದೆಯೆ? ಮೇಲೆ ಹೇಳಿದ ನ್ಯೂಯಾರ್ಕಿನ ಕಾಯಿದೆ ಮೂರು ವರ್ಷಕ್ಕಿಂತ ಹೆಚ್ಚಿನ ಕರಾರನ್ನೂ, ರೂಪದರ್ಶಿಯ ಒಪ್ಪಿಗೆಯಿಲ್ಲದ ನವೀಕರಣವನ್ನೂ ತಡೆದಿದೆ. ಇಲ್ಲಿಯವರಿಗೆ ಆ ಕಾಯಿದೆ ಅನ್ವಯಿಸದಿದ್ದರೂ ಅಳತೆಗೋಲಾಗಿ ಉಪಯೋಗಕ್ಕೆ ಬರುತ್ತದೆ. ‘ನಮ್ಮ ಮೂಲಕವಲ್ಲದೆ ಬೇರೆಲ್ಲಿಯೂ ಕೆಲಸ ಮಾಡಬಾರದು’ ಎಂಬ ಷರತ್ತು ಸಾಮಾನ್ಯವೇ. ಆದರೆ ಇಂತಿಷ್ಟು ತಿಂಗಳು ಕೆಲಸ ಕೊಡದಿದ್ದರೆ ರೂಪದರ್ಶಿ ಬಿಡುಗಡೆ ಹೊಂದಬಹುದೆಂಬ ಮಾತು ಅದರ ಪಕ್ಕದಲ್ಲಿಯೇ ಇರಬೇಕು.

ಚಿತ್ರದ ಹಕ್ಕು ಇನ್ನೊಂದು ಮುಖ್ಯ ವಿಷಯ. ಒಂದು ದಿನದ ಕೂಲಿಗೆ ತೆಗೆದ ಚಿತ್ರವನ್ನು ಎಷ್ಟು ಕಾಲ, ಯಾವ ಯಾವ ಕಡೆ ಬಳಸಬಹುದು? ಅಂಗಡಿಯ ಫಲಕಕ್ಕೆ ಮಾತ್ರವೋ, ದೇಶದ ದೂರದರ್ಶನಕ್ಕೆಲ್ಲವೋ? ‘ಎಂದೆಂದಿಗೂ, ಎಲ್ಲೆಲ್ಲಿಯೂ’ ಎಂಬ ಮಾತಿಗೆ ಸಹಿ ಹಾಕಿದವರಿಗೆ ಆಮೇಲೆ ಕೇಳುವ ದಾರಿ ಕಿರಿದಾಗುತ್ತದೆ. ಇತ್ತೀಚೆಗೆ ಇದಕ್ಕೆ ಮತ್ತೊಂದು ತೊಡಕು ಸೇರಿದೆ. ಕೃತಕ ಬುದ್ಧಿಮತ್ತೆಯ ಯಂತ್ರಗಳು ಒಬ್ಬರ ಮುಖವನ್ನು ಒಮ್ಮೆ ಪಡೆದರೆ ಅವರು ಎಂದೂ ಉಡದ ಬಟ್ಟೆಯನ್ನು ಉಡಿಸಿ, ನಿಲ್ಲದ ಜಾಗದಲ್ಲಿ ನಿಲ್ಲಿಸಬಲ್ಲವು. ಮುಖದ ಇಂಥ ಪ್ರತಿರೂಪವನ್ನು ಪ್ರತ್ಯೇಕ ಲಿಖಿತ ಒಪ್ಪಿಗೆ ಮತ್ತು ಪ್ರತ್ಯೇಕ ಸಂಭಾವನೆಯಿಲ್ಲದೆ ಮಾಡಕೂಡದೆಂದು ಕರಾರಿನಲ್ಲಿ ಬರೆಸುವುದು ಒಳ್ಳೆಯದು.

ಇದನ್ನೆಲ್ಲ ಓದಿ ತಿಳಿಸಲು ವಕೀಲರಿಗೆ ಹಣ ಎಲ್ಲಿಂದ ತರುವುದು ಎಂದು ಚಿಂತಿಸಬೇಕಾಗಿಲ್ಲ. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರೂ ಮಕ್ಕಳೂ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹರು. ಪ್ರತಿ ಜಿಲ್ಲೆಯ ನ್ಯಾಯಾಲಯದ ಆವರಣದಲ್ಲಿ ಆ ಪ್ರಾಧಿಕಾರದ ಕಛೇರಿಯಿದೆ.

ಮಕ್ಕಳ ವಿಷಯ

ಹದಿನೆಂಟು ತುಂಬದವರ ಸಹಿಗೆ ಬೆಲೆಯಿಲ್ಲ. ೧೮೭೨ರ ಕರಾರು ಕಾಯಿದೆಯಂತೆ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲಾರರು. ಎಳೆಯ ಮಕ್ಕಳ ಚಿತ್ರ ನೋಡಿ, ‘ನಿಮ್ಮ ಮಗು ಬೇಬಿ ಮಾಡೆಲ್ ಆಗಿದೆ’ ಎಂದು ಬರುವ ಕರೆಗಳ ಗುರಿ ಮಗುವಲ್ಲ, ತಂದೆತಾಯಿಗಳ ಮಮತೆ.

ಮಗುವಿಗೆ ನಿಜವಾಗಿಯೇ ಜಾಹೀರಾತಿನಲ್ಲಿ ಕೆಲಸ ಬಂದರೆ, ಬಾಲಕಾರ್ಮಿಕ ಕಾಯಿದೆಯ ಅಡಿಯಲ್ಲಿ ೨೦೧೭ರಲ್ಲಿ ಬಂದ ನಿಯಮಗಳನ್ನು ತಂದೆತಾಯಿಗಳು ತಿಳಿದಿರಬೇಕು. ಜಿಲ್ಲಾಧಿಕಾರಿಗಳ ಅನುಮತಿಯಿಲ್ಲದೆ ಕೆಲಸ ನಡೆಯಕೂಡದು. ದಿನಕ್ಕೆ ಐದು ಗಂಟೆಗಿಂತ ಹೆಚ್ಚಾಗಿ, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚಾಗಿ ಮಗುವನ್ನು ದುಡಿಸುವಂತಿಲ್ಲ. ಒಂದೇ ಸಮನೆ ೨೭ ದಿನಗಳಿಗಿಂತ ಹೆಚ್ಚು ಕೆಲಸ ಕೂಡದು, ಶಾಲೆ ತಪ್ಪಬಾರದು. ಮಗುವಿನ ಗಳಿಕೆಯಲ್ಲಿ ಕಡೆಯ ಪಕ್ಷ ಶೇಕಡಾ ೨೦ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ನಿಶ್ಚಿತ ಠೇವಣಿಯಾಗಿ ಇಡತಕ್ಕದ್ದು. ಈ ನಿಯಮಗಳ ಹೆಸರನ್ನೇ ಕೇಳದ ಏಜೆನ್ಸಿಯ ಕೈಗೆ ಮಗುವನ್ನು ಒಪ್ಪಿಸುವುದು ಹೇಗೆ?

ಮೋಸಹೋದವರಿಗೆ

ಇಷ್ಟು ಎಚ್ಚರಿಸಿದರೂ ಮೋಸಹೋಗುವವರು ಇದ್ದೇ ಇರುತ್ತಾರೆ. ಅಂಥವರು ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳಬಾರದು. ಮೋಸಗಾರನ ದೊಡ್ಡ ಬಂಡವಾಳವೇ ಆ ನಾಚಿಕೆ.

ಹಣ ಕಳುಹಿಸಿ ಮೋಸವೆಂದು ತಿಳಿದೊಡನೆ ೧೯೩೦ ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಆ ಹಣ ಸೇರಿದ ಖಾತೆಯನ್ನು ತಡೆಹಿಡಿಯುವ ಸಂಭವ ಹೆಚ್ಚು. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಜಾಲತಾಣದಲ್ಲಿಯೂ ದೂರು ಕೊಡಬಹುದು. ಸಂದೇಶಗಳನ್ನು ಅಳಿಸಬಾರದು, ಹಣ ಕಳುಹಿಸಿದ ಚೀಟಿ, ದೂರವಾಣಿ ಸಂಖ್ಯೆ, ಬ್ಯಾಂಕಿನ ವಿವರಗಳನ್ನೆಲ್ಲ ಜೋಪಾನವಾಗಿ ಇಡಬೇಕು. ೨೦೨೪ರ ಜುಲೈ ಒಂದರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೩೧೮ನೆಯ ಕಲಮಿನಂತೆ, ವಂಚಿಸಿ ಹಣ ಕಿತ್ತವನಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ‘ಇದು ನಮ್ಮ ಠಾಣೆಯ ವ್ಯಾಪ್ತಿಯಲ್ಲ’ ಎಂಬ ಕಾರಣಕ್ಕೆ ದೂರನ್ನು ತಿರಸ್ಕರಿಸುವಂತಿಲ್ಲ. ಅಪರಾಧ ಎಲ್ಲಿಯೇ ನಡೆದಿದ್ದರೂ ಹತ್ತಿರದ ಠಾಣೆಯಲ್ಲಿ ದಾಖಲಿಸಲು ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವಕಾಶವಿದೆ. ಹಣ ಪಡೆದು ಒಪ್ಪಿದ ಸೇವೆ ಕೊಡದವರ ಮೇಲೆ ಗ್ರಾಹಕರ ಆಯೋಗಕ್ಕೂ ಹೋಗಬಹುದು.

ಚಿತ್ರ ತೋರಿಸಿ ಬೆದರಿಸುವವನಿಗೆ ಒಂದು ಕಾಸನ್ನೂ ಕೊಡಬಾರದು. ಕೊಟ್ಟರೆ ಬೆದರಿಕೆ ನಿಲ್ಲುವುದಿಲ್ಲ, ಬೆಲೆ ಏರುತ್ತದೆ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಅವರೊಡನೆ ದೂರು ಕೊಡುವುದೊಂದೇ ದಾರಿ. ಇಲ್ಲಿ ಹಿರಿಯರ ಹೊಣೆ ಬಹಳ. “ನಿನಗೆ ಇದೆಲ್ಲ ಏಕೆ ಬೇಕಿತ್ತು?” ಎಂಬ ಒಂದು ಮಾತು ಮಕ್ಕಳ ಬಾಯನ್ನು ಶಾಶ್ವತವಾಗಿ ಮುಚ್ಚಿಸಬಲ್ಲದು. ಆ ಮಾತನ್ನು ನುಂಗಿಕೊಂಡರೆ ಅರ್ಧ ಕಷ್ಟ ಪರಿಹಾರವಾದಂತೆ.

ಬಳೆಗಳು ಉಳಿದ ಬಗೆ

ಅಂದು ಸಂಜೆ ಗುಮಾಸ್ತರು ಮನೆಗೆ ಬಂದು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಬೇಡವೆಂದೂ ಹೇಳಲಿಲ್ಲ, ಗದರಿಸಲೂ ಇಲ್ಲ.

“ಅವರಿಗೆ ಹೀಗೆ ಬರಿಯಮ್ಮ: ನಮ್ಮ ಹತ್ತಿರ ಮೊದಲು ಕೊಡಲು ಹಣವಿಲ್ಲ. ಕೆಲಸ ಕೊಡಿಸಿ, ನಿಮ್ಮ ಖರ್ಚನ್ನೂ ಕಮಿಷನ್ನನ್ನೂ ಮೊದಲ ಸಂಭಾವನೆಯಲ್ಲೇ ಹಿಡಿದುಕೊಳ್ಳಿ.”

ಮಗಳು ಹಾಗೆಯೇ ಬರೆದಳು. ಹತ್ತು ನಿಮಿಷದಲ್ಲಿ ಉತ್ತರ ಬಂತು: ನಿಮಗಾಗಿ ವಿಶೇಷ ರಿಯಾಯಿತಿ, ಇಪ್ಪತ್ತು ಸಾವಿರ. ಆಕೆ ಅದೇ ಮಾತನ್ನು ಮತ್ತೆ ಬರೆದಳು. ಹತ್ತು ಸಾವಿರವಾಯಿತು. ಮೂರನೆಯ ಸಲ ಬರೆದಾಗ ಉತ್ತರವೇ ಬರಲಿಲ್ಲ. ರಾತ್ರಿಯ ಹೊತ್ತಿಗೆ ಆ ಸಂಖ್ಯೆ ಅವಳನ್ನು ತಡೆದುಬಿಟ್ಟಿತ್ತು. ಕೆಲಸ ಕೊಡಿಸುವವನಾಗಿದ್ದರೆ ಆ ಷರತ್ತಿನಿಂದ ಅವನಿಗೆ ನಷ್ಟವೇನಿತ್ತು?

ಹುಡುಗಿ ಆ ರಾತ್ರಿ ಅತ್ತಳು. ಅದು ಸಹಜ. ಹೋದದ್ದು ಹಣವಲ್ಲವಾದರೂ ‘ಅಪರೂಪದ ಕಳೆ’ ಎಂಬ ಮಾತು ಸುಳ್ಳಾಯಿತಲ್ಲ.

“ಅವನು ಹೇಳಿದ್ದು ಸುಳ್ಳಾದರೆ ನಿನ್ನ ಮುಖ ಸುಳ್ಳಾಯಿತೇನೆ?” ಎಂದಳು ತಾಯಿ.

ಭಾನುವಾರ ಬೆಳಗ್ಗೆ ಹಿತ್ತಲ ಗೋಡೆಯ ಮುಂದೆ ಮಗಳನ್ನು ನಿಲ್ಲಿಸಿ, ತಾಯಿಯೇ ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದಳು. ತಂದೆ ಅಂಗಡಿಯ ಟೇಪು ತಂದು ಎತ್ತರ ಅಳೆದರು. ಯಜಮಾನರಿಂದ ದೀಪಾವಳಿಯ ಏಜೆನ್ಸಿಯ ವಿಳಾಸ ಸಿಕ್ಕಿತು. ಇನ್ನೆರಡನ್ನು ವಿಚಾರಿಸಿ ತಿಳಿದುಕೊಂಡರು. ಮೂರು ಕಡೆಗೂ ಅರ್ಜಿ ಹೋಯಿತು. ಎರಡು ಕಡೆಯಿಂದ ಉತ್ತರವಿಲ್ಲ. ಮೂರನೆಯವರು ಎರಡೇ ಸಾಲು ಬರೆದರು: ವೇದಿಕೆಗೆ ಎತ್ತರ ಸಾಲದು, ಸೀರೆ ಅಥವಾ ಆಭರಣದ ಕೆಲಸ ಬಂದಾಗ ತಿಳಿಸುತ್ತೇವೆ, ಅಲ್ಲಿಯವರೆಗೆ ಓದು ಬಿಡಬೇಡಿ.

ಅದರಲ್ಲಿ ಹೊಗಳಿಕೆಯಿರಲಿಲ್ಲ, ಅವಸರವಿರಲಿಲ್ಲ, ಹಣದ ಮಾತೂ ಇರಲಿಲ್ಲ. 

ಹುಡುಗಿ ಕಾಲೇಜಿಗೆ ಹೋಗುತ್ತಿದ್ದಾಳೆ. ಆಗಾಗ ಮೊಬೈಲ್ ನೋಡುತ್ತಾಳೆ. ಕೆಲಸ ಬರಬಹುದು, ಬಾರದೆಯೂ ಇರಬಹುದು. ತಾಯಿಯ ಕೈಯಲ್ಲಿ ಬಳೆಗಳಂತೂ ಇವೆ.